ಬದುಕಿದ್ದ ಡಿಸ್ಕಿಗೆ ತಿಥಿ

ನಿನ್ನೆ ಸಂಜೆ ಶಿರಸಿ ಪೇಟೆಯಲ್ಲಿ, ಮದುವೆ ಕಾಗದ ಮುದ್ರಿಸುವ ನನ್ನ ಭಾವನ ಪ್ರೆಸ್ಸಿನಲ್ಲಿ, ಜೀವವಿದ್ದ ಒಂದು ಹಾರ್ಡ್ ಡಿಸ್ಕನ್ನು ಗುಜರಿ ಡಬ್ಬಕ್ಕೆ ಹಾಕಿಟ್ಟಿದ್ದನ್ನು ಕಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಅವನ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತ್ತು. ಸ್ಟಿಕರ್ ಕತ್ತರಿಸುವ ಯಂತ್ರ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆ ಯಾವುದರ ಮಾತನ್ನೂ ಕೇಳದಾದ್ದರಿಂದ, ಅವನು ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ತಂದು ಹಳೆಯ ಡಿಸ್ಕನ್ನು ಅದಕ್ಕೇ ಜೋಡಿಸಲು ರಿಪೇರಿಯ ಹುಡುಗನೊಬ್ಬನನ್ನು ಕರೆಸಿದ್ದ. ಮೊದಲಿದ್ದ ಎಕ್ಸ್‌ಪಿ ನೀಲಿ ಪರದೆ ತೋರಿಸಿ ನಿಂತಿತು. ಸಿಡಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೋದರೆ ಮತ್ತೆ ಅದೇ ನೀಲಿ. ಹುಡುಗ ಡಿಸ್ಕು ಸತ್ತಿದೆ ಎಂದು ತೀರ್ಪು ಕೊಟ್ಟು, ಹೊಸ ಡಿಸ್ಕಿನ ದರ ಹೇಳಿ ಹೊರಟುಹೋದನಂತೆ.

"ಡಿಸ್ಕು ಹೋಯ್ದಡ ಭಾವ, ಹೊಸದು ಹಾಕವಡ" ಎಂದ ನಮ್ಮವನು, ಹನ್ನೆರಡು ವರ್ಷದ ಲಗ್ನಪತ್ರಿಕೆಗಳ ಫೈಲುಗಳೆಲ್ಲ ಅದರೊಳಗೇ ಇರುವ ಸಂಕಟದಲ್ಲಿ.

ಆ ನೀಲಿ ಪರದೆಯ ಕೆಳಗೆ ಸೊನ್ನೆಗಳ ಸಾಲಿನ ಕೊನೆಯಲ್ಲಿ 7ಬಿ ಎಂದು ಬರೆದಿರುತ್ತದೆ. ಬೂಟ್ ಆಗಬೇಕಾದ ಡಿಸ್ಕನ್ನು ತಲುಪಲಾಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ತಲುಪಲಾಗದ್ದಕ್ಕೆಲ್ಲ ಸಾವೇ ಕಾರಣ ಎನ್ನುವುದಾದರೆ, ನೆಟ್‌ವರ್ಕ್ ಸಿಗದ ನಮ್ಮ ಘಟ್ಟದ ಊರುಗಳವರೆಲ್ಲ ಎಂದೋ ಸತ್ತಿರಬೇಕಿತ್ತು.

ನಾನು ಡಬ್ಬದಿಂದ ಡಿಸ್ಕನ್ನು ಎತ್ತಿ, ಧೂಳು ಒರೆಸಿ, ಕೇಬಲ್ ಸಿಕ್ಕಿಸಿ, ಡಿಲೀಟ್ ಗುಂಡಿ ಒತ್ತಿ, ವಿಂಡೋಸಿಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್ ತೆರೆದೆ. ಡಿಸ್ಕಿನ ಹೆಸರೂ 500 ಜಿಬಿ ಎಂಬ ಅಳತೆಯೂ ಸ್ಪಷ್ಟವಾಗಿ ಕಂಡವು. ಅಷ್ಟಕ್ಕೇ ಡಿಸ್ಕು ನೆಟ್ಟಗಿದೆ ಎನ್ನಲಾಗದೆಂದು ಪೆನ್ ಡ್ರೈವಿನಿಂದ ಲಿನಕ್ಸ್ ಓಡಿಸಿ ನೋಡಿದರೆ ಎರಡನೆಯ ಪಾರ್ಟಿಷನ್ನಿನ ಫೈಲುಗಳೆಲ್ಲ ಸರಸರನೆ ತೆರೆದವು. ಮೊದಲು ಅವನ್ನು ನಕಲು ಮಾಡಿಕೊಂಡೆ. ಅದೇ ಬಯೋಸಿನಲ್ಲಿ, ಡಿಸ್ಕಿನೊಡನೆ ಯಾವ ರೀತಿಯಲ್ಲಿ ಮಾತನಾಡಬೇಕೆಂದು ಹೇಳುವ ಸಾಟಾ ಮೋಡ್ ಎಂಬ ಸಾಲಿನ ಮುಂದೆ, ಹೊಸ ರೀತಿಯಾದ ಎಎಚ್‌ಸಿಐ ಎಂದಿತ್ತು.

ಅಸಲು ಸಂಗತಿ ಇರುವುದೇ ಅಲ್ಲಿ. ಇನ್‌ಸ್ಟಾಲ್ ಶುರುವಾಗುವಾಗ ಸಿಡಿಯನ್ನು ಓದಿಕೊಡುವುದು ಬಯೋಸ್. ಮುಂದೆ ವಿಂಡೋಸ್ ತಾನೇ ಹೊಣೆ ಹೊತ್ತ ಕ್ಷಣದಿಂದ ಡಿಸ್ಕನ್ನು ನಡೆಸುವ ಚಿಪ್ಪಾದ ಕಂಟ್ರೋಲರಿನೊಡನೆ ಮಾತನಾಡಲು ಅದಕ್ಕೆ ತನ್ನದೇ ಡ್ರೈವರ್, ಅಂದರೆ ಆ ಚಿಪ್ಪಿನ ಭಾಷೆ ಬಲ್ಲ ಪುಟ್ಟ ತಂತ್ರಾಂಶ, ಬೇಕು. 2001ರಲ್ಲಿ ಬಂದ ಎಕ್ಸ್‌ಪಿಯ ಸಿಡಿಯಲ್ಲಿ ಎಎಚ್‌ಸಿಐಗೆ ಬೇಕಾದ ಡ್ರೈವರ್ ಇಲ್ಲ, 2008ರ ಪರಿಷ್ಕರಣೆಯಾದ ಸರ್ವಿಸ್ ಪ್ಯಾಕ್ 3ರಲ್ಲಿಯೂ ಇಲ್ಲ. ಎಫ್6 ಒತ್ತಿ ಡ್ರೈವರ್ ಕೊಡಬಹುದು, ಆದರೆ ಅದು ಕೇಳುವುದು ಫ್ಲಾಪಿಯನ್ನು, ಫ್ಲಾಪಿಯನ್ನು ಎಲ್ಲಿಂದ ತರುವುದು? ಎನ್‌ಲೈಟ್ ಎಂಬ ತಂತ್ರಾಂಶ ಬಳಸಿ ಡ್ರೈವರನ್ನು ಸಿಡಿಯೊಳಗೇ ಸೇರಿಸಬಹುದು. ನಾನು ಸೋಮಾರಿ, ಮೋಡನ್ನು ಎಕ್ಸ್‌ಪಿಗೆ ಗೊತ್ತಿರುವ ಹಳೆಯ ರೀತಿಯಾದ ಐಡಿಇಗೆ ಬದಲಿಸಿ, ಸೇವ್ ಮಾಡಿ, ಸಿಡಿ ಹಾಕಿದೆ. ನೀಲಿ ಬರಲಿಲ್ಲ, ಪಾರ್ಟಿಷನ್ನುಗಳ ಪಟ್ಟಿ ಬಂತು.

ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತ ಎಕ್ಸ್‌ಪಿಯನ್ನು ಇನ್ನೂ ಹಾಕುವುದೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಗೊತ್ತು. ಆ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ, ಹೊಸ ಕತ್ತರಿಸುವ ಯಂತ್ರದ ದುಡ್ಡನ್ನು ಕೇಳುವವರು ಕೊಡುವುದೂ ಇಲ್ಲ. ಇಷ್ಟಕ್ಕೂ ಇದು ಹಳತರ ರೋಗ ಮಾತ್ರವಲ್ಲ. ಕಳೆದ ತಿಂಗಳು ಹೊನ್ನಾವರದ ವಿದ್ಯಾರ್ಥಿಯೊಬ್ಬನ ಇಂಟೆಲ್ ಹನ್ನೊಂದನೆಯ ಪೀಳಿಗೆಯ ಲ್ಯಾಪ್‌ಟಾಪಿಗೆ ವಿಂಡೋಸ್ 10 ಹಾಕುವಾಗ ಡಿಸ್ಕುಗಳ ಪಟ್ಟಿ ಖಾಲಿ ಬಂದಿತ್ತು. ಇಂಟೆಲ್‌ನ ಡಿಸ್ಕು ನಿರ್ವಹಣಾ ವ್ಯವಸ್ಥೆಯಾದ ವಿಎಂಡಿಯ ಡ್ರೈವರ್ ಕೊಟ್ಟೊಡನೆ ಡಿಸ್ಕು ಕಂಡಿತು. ಅಲ್ಲಿಯೂ ಯಾರೋ ಮೊದಲೇ "ಎಸ್‌ಎಸ್‌ಡಿ ಸತ್ತಿದೆ" ಎಂದಿದ್ದರು.

ಇಷ್ಟೆಲ್ಲ ಬೈಯುವ ನಾನೂ ಸಾಚಾ ಅಲ್ಲ. ಕಂಪ್ಯೂಟರ್ ರಿಪೇರಿಯ ಅಂಗಡಿ ಹಾಕಿದ ಹೊಸತರಲ್ಲಿ, ಕುಮಟೆಯ ಮಾಸ್ತರರೊಬ್ಬರು ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾ ಇದ್ದ ಲ್ಯಾಪ್‌ಟಾಪಿಗೆ ಎಕ್ಸ್‌ಪಿ ಹಾಕಿಕೊಡಲು ಕೇಳಿದಾಗ ಇದೇ 7ಬಿ ಬಂದಿತ್ತು, ನಾನೂ ಇದೇ ತೀರ್ಪು ಕೊಟ್ಟು ಅವರಿಂದ ಹೊಸ ಡಿಸ್ಕು ಕೊಡಿಸಿದ್ದೆ. ಹೊಸ ಡಿಸ್ಕಿಗೂ ಅದೇ ನೀಲಿ ಬಂದಾಗ ವಿಷಯ ತಿಳಿಯಿತು. ತಿಳಿದದ್ದನ್ನು ಅವರಿಗೆ ಹೇಳಲಿಲ್ಲ. ಹಳೆಯ ಡಿಸ್ಕನ್ನು ನಾನೇ ಬಹಳ ಕಾಲ ಬಳಸಿದೆ. ಅದಕ್ಕೇ ನಿನ್ನೆ ಆ ಹುಡುಗನಿಗೆ ಫೋನ್ ಮಾಡಿ ರೇಗಲು ಹೊರಟವನು ಮೋಡಿನ ವಿಷಯವನ್ನಷ್ಟೇ ಹೇಳಿ ಇಟ್ಟೆ.

ರಾತ್ರಿ ಒಂಬತ್ತಕ್ಕೆ ಕತ್ತರಿಸುವ ಯಂತ್ರ ಓಡಿತು. ಬಯೋಸಿನ ಬ್ಯಾಟರಿ ಸೋತ ದಿನ ಸೆಟ್ಟಿಂಗ್ ಮೊದಲಿನಂತಾಗಿ ಎಎಚ್‌ಸಿಐಗೆ ಮರಳುತ್ತದೆ, ನೀಲಿಯೂ ಮರಳುತ್ತದೆ, ಮತ್ತೊಬ್ಬ ಬಂದು ಡಿಸ್ಕಿಗೆ ತಿಥಿ ಮಾಡುತ್ತಾನೆ. ಹಾಗಾಗಿ ಭಾವನಿಂದ ಮೊದಲ ಸ್ಟಿಕರನ್ನು ಕೆಂಪು ಹಾಳೆಯಲ್ಲಿ ಕತ್ತರಿಸಿ ಕ್ಯಾಬಿನೆಟ್ಟಿನ ಮುಂಭಾಗಕ್ಕೇ ಅಂಟಿಸಿಸಿದೆ: "ನೀಲಿ ಬಂದರೆ ಸಾಟಾ ಮೋಡ್ ಐಡಿಇಗೆ ಬದಲಿಸಿ. ಡಿಸ್ಕು ಹಾಳಾಗಿಲ್ಲ."