ಕಾವೇರಿ ಸಿಗದ ದಿನ

ಬೆಂಗಳೂರಿನ ಹೊರವರ್ತುಲ ರಸ್ತೆಯ ನಮ್ಮ ಕಚೇರಿಯಲ್ಲಿ ಹಿಂದೆ ಪ್ರತಿಯೊಬ್ಬರಿಗೂ ಎದೆಮಟ್ಟದ ಮೂರು ಹಲಗೆಗಳಿದ್ದವು. ಅವುಗಳ ಮೇಲೆ ಮಗಳು ಬರೆದ ಚಿತ್ರ, ತಿರುಪತಿ ತಿಮ್ಮಪ್ಪ, ವರ್ಷದ ರಜಾಪಟ್ಟಿ ಅಂಟಿಸಿಕೊಂಡು ನಾವು ಸಣ್ಣಪುಟ್ಟ ಪಾಳೆಯಗಾರರ ಹಾಗೆ ಬಾಳುತ್ತಿದ್ದೆವು. ಒಂದು ಸೋಮವಾರ ಬಂದು ನೋಡಿದರೆ ಹಲಗೆಗಳೇ ಇಲ್ಲ. ಛತ್ರದಲ್ಲಿ ಪಂಕ್ತಿ ಹಾಕಿದಂತೆ ಉದ್ದುದ್ದ ಮೇಜುಗಳು, ಎರಡೂ ಬದಿಗೆ ಒಟ್ಟು ಅರವತ್ತು ಎಂಜಿನಿಯರುಗಳು. ಎಲೆ, ಉಪ್ಪು, ಕೋಸಂಬರಿ ಮಾತ್ರ ಬಾಕಿ.

“ಇನ್ನು ನೀವೆಲ್ಲ ಪರಸ್ಪರ ಮಾತನಾಡುತ್ತೀರಿ, ಹೊಸ ವಿಚಾರಗಳು ಹುಟ್ಟುತ್ತವೆ” ಎಂದರು ಮೇಲಿನವರು. ಹಾಗೆಂದವರು ತಮ್ಮ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾತು ಹುಟ್ಟಲಿಲ್ಲ, ಹೆಡ್‌ಫೋನ್ ಹುಟ್ಟಿತು. ಹಲಗೆಯ ಉಳಿತಾಯ ಕಂಪನಿಗೆ, ಹೆಡ್‌ಫೋನಿನ ಖರ್ಚು ನಮಗೆ. ಪ್ರೋಗ್ರಾಮಿನ ತಪ್ಪು ಹುಡುಕುವುದೆಂದರೆ ತಲೆಯೊಳಗೆ ಇಪ್ಪತ್ತೊಂದು ಚುಕ್ಕೆಯ ರಂಗೋಲಿ ಹಾಕಿದಂತೆ. ನಡುವೆ ಯಾರಾದರೂ “ಊಟಕ್ಕೆ ಬರುತ್ತೀರಾ?” ಎಂದರೆ ಮತ್ತೆ ಮೊದಲ ಚುಕ್ಕೆಯಿಂದ ಶುರು. ಹಾಗಾಗಿ ತಿಂಗಳೊಳಗೆ ನೂರಿಪ್ಪತ್ತು ಕಿವಿಗಳೂ ಮುಚ್ಚಿದವು. ಇದು ನಮ್ಮೂರಿನ ರೋಗವೆಂದುಕೊಂಡಿದ್ದೆ, ಅಲ್ಲವಂತೆ. ಹಾರ್ವರ್ಡಿನ ಎತನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎಂಬಿಬ್ಬರು ಅಡ್ಡಗೋಡೆ ಕಿತ್ತ ಕಂಪನಿಗಳ ನೌಕರರ ಕೊರಳಿಗೆ ಸಂವೇದಕಗಳನ್ನು ತೂಗುಹಾಕಿ ಅಳೆದು, 2018ರಲ್ಲಿ ಲೆಕ್ಕ ಪ್ರಕಟಿಸಿದರು: ಮುಖಾಮುಖಿ ಮಾತುಕತೆ ಸುಮಾರು ಶೇ. 70ರಷ್ಟು ಇಳಿದಿತ್ತು, ಇ-ಮೇಲ್ ಏರಿತ್ತು. ನನ್ನನ್ನು ಕೇಳಿದ್ದರೆ ಒಂದು ಲೋಟ ಕಾಫಿಗೆ ಇಷ್ಟನ್ನು ಹೇಳಿಬಿಡುತ್ತಿದ್ದೆ.

ಏಕಾಂತ ಬೇಕೆನ್ನುವವರಿಗೆ ನದಿಗಳ ಹೆಸರಿನ ನಾಲ್ಕು ಮೀಟಿಂಗ್ ಕೋಣೆಗಳಿವೆ. ತುಂಗಾ, ಭದ್ರಾ, ಕಾಳಿ ಹೇಗೋ ಸಿಗುತ್ತವೆ. ಕಾವೇರಿ ಮಾತ್ರ ಹೆಸರಿಗೆ ತಕ್ಕಂತೆ ಸದಾ ವಿವಾದದಲ್ಲಿ. ಚೆನ್ನೈ ಕಚೇರಿಯೊಡನೆ ಸಭೆಯಿರುವವರು ಬೆಳಿಗ್ಗೆಯೇ ಅಣೆಕಟ್ಟು ಕಟ್ಟಿಬಿಡುತ್ತಾರೆ.

ಮೊನ್ನೆ ಬುಧವಾರ ಅಮ್ಮ ವಿಡಿಯೊ ಕರೆ ಮಾಡಿದಾಗ ನಾಲ್ಕೂ ನದಿಗಳು ತುಂಬಿ ಹರಿಯುತ್ತಿದ್ದವು. ಕುಳಿತಲ್ಲೇ ಹೆಡ್‌ಫೋನ್ ಹಾಕಿಕೊಂಡು ಪಿಸುಗುಟ್ಟಿದೆ. ಅಷ್ಟರಲ್ಲಿ ಹೆಡ್‌ಫೋನಿನ ಬ್ಯಾಟರಿ ಪ್ರಾಣ ಬಿಟ್ಟಿತು, ಧ್ವನಿ ಫೋನಿನ ಸ್ಪೀಕರಿಗೆ ಹಾರಿತು. ಗದ್ದೆಯಾಚೆಗೆ ನಿಂತವರನ್ನು ಕೂಗಿ ಕರೆದು ಪಳಗಿದ ಕಂಠ ಅದು.

“ಹೊಟ್ಟೆ ಸರಿಹೋಯಿತೇನೋ? ಬೆಳಿಗ್ಗೆಯಿಂದ ಎಷ್ಟು ಸಲ ಹೋದೆ?”

ಫೋನನ್ನು ಮಗುಚಿ ಹಾಕಿ, ಮೇಲೆ ಕರ್ಚೀಫು ಮುಚ್ಚಿ, ಕೊನೆಗೆ ಕರೆ ಕತ್ತರಿಸುವಷ್ಟರಲ್ಲಿ “ನೀರು ನೀರಾಗಿಯೇನೋ?” ಎಂಬ ಉಪಪ್ರಶ್ನೆಯೂ ಬಂದಾಗಿತ್ತು. ಮೆಲ್ಲನೆ ಸುತ್ತ ನೋಡಿದೆ. ಒಬ್ಬರೂ ತಲೆ ಎತ್ತಿರಲಿಲ್ಲ. ಎಲ್ಲರ ಕಿವಿಯೂ ಮುಚ್ಚಿದೆಯಲ್ಲ ಎಂದು, ಜೀವನದಲ್ಲಿ ಮೊದಲ ಬಾರಿಗೆ ಹೆಡ್‌ಫೋನ್ ಕಂಡುಹಿಡಿದವರಿಗೆ ಕೈಮುಗಿದೆ.

ಎರಡು ನಿಮಿಷಕ್ಕೆ ಪರದೆಯ ಮೂಲೆಯಲ್ಲಿ ಸಂದೇಶವೊಂದು ಮೂಡಿತು. ಮೊಣಕೈ ತಗಲುವಷ್ಟು ಹತ್ತಿರ ಕುಳಿತು, ಎಂಟು ತಿಂಗಳಿಂದ ನನ್ನೊಡನೆ ಒಂದು ಮಾತೂ ಆಡದ ಸಹೋದ್ಯೋಗಿಯದು.

“ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿಯಿರಿ. ನನಗೆ ಎರಡೇ ಲೋಟಕ್ಕೆ ನಿಂತಿತು.”