ಸಾವಿರ ಕರೆ, ಸೊನ್ನೆ ಸೆಕೆಂಡು

ನಮ್ಮ ಬಳ್ಳಾರಿ ಸೀಮೆಯಲ್ಲಿ ಸಹಾಯವಾಣಿ ಉದ್ಘಾಟಿಸಲು ಹೆಚ್ಚೇನೂ ಬೇಡ. ರಿಬ್ಬನ್ನು ಸುತ್ತಿದ ಒಂದು ಐಪಿ ಫೋನು, ಪಕ್ಕದ ಕೋಣೆಯಿಂದ ಕರೆ ಮಾಡಲು ಒಬ್ಬ ಗುಮಾಸ್ತ, ಇಷ್ಟಿದ್ದರೆ ಸಾಕು. ಗಣ್ಯರು ರಿಸೀವರ್ ಎತ್ತಿ ‘ಹಲೋ’ ಅಂದರೆ ವ್ಯವಸ್ಥೆ ಲೋಕಾರ್ಪಣೆ. ಆ ಕರೆ ಒಂದೇ ಸ್ವಿಚ್ಚಿನ ಈ ಪೋರ್ಟಿನಿಂದ ಆ ಪೋರ್ಟಿಗೆ ಹೋಗಿರುತ್ತದೆಯೇ ಹೊರತು ಕಚೇರಿಯ ಹೊಸ್ತಿಲು ದಾಟಿರುವುದಿಲ್ಲ.

ಆಮೇಲೆ ‘ಲೋಡ್ ಟೆಸ್ಟ್ ವರದಿ’, ಅಂದರೆ ವ್ಯವಸ್ಥೆ ಎಷ್ಟು ಕರೆಗಳ ಹೊರೆ ತಾಳುತ್ತದೆ ಎಂಬ ಪರೀಕ್ಷೆಯ ವರದಿ. ಬಿಲ್ಲು ಪಾಸಾಗಬೇಕಲ್ಲ! ಇದಕ್ಕೂ ಖರ್ಚಿಲ್ಲ, ಸಿಪ್‌ಪಿ ಎಂಬ, ಕೃತಕ ಇಂಟರ್ನೆಟ್ ಕರೆಗಳನ್ನು ಹುಟ್ಟಿಸುವ ಓಪನ್ ಸೋರ್ಸ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕರೆ ಮಾಡುವವನ ಪಾತ್ರ ವಹಿಸುವ ಅದರ ಸಿದ್ಧ ‘ಯುಎಸಿ’ ಸಿನಾರಿಯೊಗೆ ‘-ಎಂ 1000’ ಅಂತಷ್ಟೇ ಕೊಟ್ಟು ಎಂಟರ್ ಒತ್ತಿದರೆ, ಸೆಕೆಂಡಿಗೆ 10ರಂತೆ 100 ಸೆಕೆಂಡಿನಲ್ಲಿ ಸಾವಿರ ಕರೆ ಮುಗಿದವು. ಒಗ್ಗರಣಿ-ಮಿರ್ಚಿ ತರಲು ಹೋದ ಹುಡುಗ ವಾಪಸಾಗುವಷ್ಟರಲ್ಲಿ ವರದಿ ರೆಡಿ. ಕರೆಯ ಅವಧಿ ಹೇಳುವ ‘-ಡಿ’ ಕೊಡದಿದ್ದರೆ ಅವಧಿ ಸೊನ್ನೆ. ಎತ್ತಿದ ಕೂಡಲೇ ಇಟ್ಟುಬಿಡುವ ಸಾವಿರ ಸಜ್ಜನರು. ಯಾವ ಕ್ಷಣದಲ್ಲೂ ಲೈನಿನಲ್ಲಿ ಒಬ್ಬಿಬ್ಬರಿಗಿಂತ ಹೆಚ್ಚಿಲ್ಲ. ಈ ಸಿನಾರಿಯೊ ಧ್ವನಿಯನ್ನಂತೂ ಕಳಿಸುವುದೇ ಇಲ್ಲ.

ವರದಿಗೊಂದು ಚಿತ್ರ ಬೇಕು, ಅದರಲ್ಲೂ ಜಾಣತನವಿದೆ. ಸಿಪ್‌ಪಿ ಓಡುತ್ತಿರುವಾಗ 2 ಒತ್ತಿದರೆ ಒಟ್ಟು ಅಂಕಿ ಬರುತ್ತದೆ: ಯಶಸ್ವಿ 1000, ವಿಫಲ 0. ಅಂಟಿಸಬೇಕಾದದ್ದು ಇದನ್ನೇ. ತಪ್ಪಿಯೂ 1 ಒತ್ತಬಾರದು. ಆ ಪರದೆಯಲ್ಲಿ ‘ರಿಟ್ರಾನ್ಸ್’ (ಎಷ್ಟು ಸಲ ಮತ್ತೆ ಕಳಿಸಬೇಕಾಯಿತು) ಎಂಬ ಚಾಡಿಕೋರ ಕಾಲಂ ಇದೆ. ತಲುಪಿತೋ ಇಲ್ಲವೋ ಎಂದು ತಾನಾಗಿ ನೋಡದ ಯುಡಿಪಿ ಸಾಗಣೆಯಲ್ಲಿ, ಕರೆ ಕೋರುವ ಸಂದೇಶವಾದ ಇನ್ವೈಟ್‌ಗೆ ಅರ್ಧ ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಮತ್ತೆ ಕಳಿಸಬೇಕು, ಆಮೇಲೆ 1, 2, 4 ಸೆಕೆಂಡು ಬಿಟ್ಟು ಮತ್ತೆ ಮತ್ತೆ. ನಿಯಮದ ಪ್ರಕಾರ 32 ಸೆಕೆಂಡಿಗೆ ಕೈಚೆಲ್ಲುವ ಹೊತ್ತಿಗೆ ಒಂದೇ ಕರೆ ಏಳು ಇನ್ವೈಟ್ ಆಗಿರುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಸರ್ವರಿನ ಮೇಲೆ ಈ ಹೊರೆ ಬೇರೆ. ನಾಲ್ಕನೇ ಸಲಕ್ಕೆ ಉತ್ತರ ಸಿಕ್ಕರೂ ಎರಡನೇ ಪರದೆಯಲ್ಲಿ ಅದು ‘ಯಶಸ್ವಿ’.

ಈಗ ನಿಜವಾದ ಹೊರೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಅಂಥ ರಾತ್ರಿ ನದಿ ದಂಡೆಯವರು ಕೇಳುವುದು ಒಂದೇ: “ಸಾಹೇಬ್ರ, ಕಂಪ್ಲಿ ಸೇತುವಿ ಮ್ಯಾಲ ನೀರು ಬಂದೈತೇನ್ರೀ?” ಸಮಾಧಾನ ಹೇಳಿ ಇಡಲು ಮೂರು ನಿಮಿಷ ಹಿಡಿಯಿರಿ. ಗಂಟೆಗೆ 600 ಕರೆ ಬಂದರೆ ಸರಾಸರಿ 30 ಲೈನು ಸದಾ ಭರ್ತಿ, ಅಂದರೆ ದೂರವಾಣಿ ಲೆಕ್ಕದ ಭಾಷೆಯಲ್ಲಿ 30 ಎರ್ಲಾಂಗ್. ಹಾಗಾದರೆ 30 ಲೈನು ಸಾಕು ಅನ್ನುತ್ತದೆ ಟೆಂಡರು. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ 1917ರಲ್ಲೇ ಕೊಟ್ಟ ಸೂತ್ರದಂತೆ 30 ಲೈನಿದ್ದರೆ ನೂರಕ್ಕೆ 13 ಕರೆ ಬಾಗಿಲಲ್ಲೇ ವಾಪಸ್; ಅದು ಒಂದಕ್ಕಿಂತ ಕೆಳಗಿಳಿಯಲು 42 ಲೈನು ಬೇಕು. ಅದೂ ಲೈನು ಸಿಗದವರು ಮತ್ತೆ ಡಯಲ್ ಮಾಡುವುದಿಲ್ಲ ಎಂದು ನಂಬಿದ ಲೆಕ್ಕ. ನೀರು ಹಿತ್ತಲಿಗೆ ಬಂದವರು ಅಷ್ಟು ಸಂಭಾವಿತರಿರುವುದಿಲ್ಲ.

ಪರೀಕ್ಷೆಯ ಚಟವಿದ್ದವರು ಹೀಗೆ ಮಾಡುತ್ತಾರೆ: ‘-ಆರ್ 1 -ಆರ್‌ಪಿ 6000 -ಡಿ 180000’. ಆರು ಸೆಕೆಂಡಿಗೊಂದು ಕರೆ, ಪ್ರತಿಯೊಂದೂ ಮೂರು ನಿಮಿಷ. ಒಂದು ಗಂಟೆ ಓಡಿಸಿ, ಆಮೇಲೆ ಕರೆಗಳನ್ನು ದುಪ್ಪಟ್ಟು ಮಾಡಿ, ಎಲ್ಲಿ ಕುಸಿಯುತ್ತದೋ ಬರೆದಿಟ್ಟುಕೊಳ್ಳಬೇಕು. ಧ್ವನಿಗೆ ‘ಯುಎಸಿ_ಪಿಕ್ಯಾಪ್’ ಸಿನಾರಿಯೊ ಇದೆ. ಆದರೆ ಅದರೊಳಗಿನ ವಿರಾಮ ‘-ಡಿ’ಗೆ ಬಗ್ಗುವುದಿಲ್ಲ. ‘-ಎಸ್‌ಡಿ’ಯಿಂದ ಎಕ್ಸ್‌ಎಂಎಲ್ ಹೊರತೆಗೆದು, ವಿರಾಮ ತಿದ್ದಿ, ಮೂರು ನಿಮಿಷದ ಪಿಕ್ಯಾಪ್ ಕಡತ (ಸೆರೆಹಿಡಿದ ಧ್ವನಿ ಪ್ಯಾಕೆಟ್ಟುಗಳು) ಜೋಡಿಸಿ, ‘-ಎಸ್‌ಎಫ್’ನಲ್ಲಿ ಕೊಡಬೇಕು. ಆಗ ಜಿ.711 ಎಂಬ ಧ್ವನಿ ಸಂಕೇತನದ ಒಂದೊಂದು ಕರೆಯೂ ಒಂದು ದಿಕ್ಕಿಗೆ ಸೆಕೆಂಡಿಗೆ 50 ಪ್ಯಾಕೆಟ್, ಹೆಡರ್ ಸೇರಿ 80 ಕಿಲೋಬಿಟ್ ತಿನ್ನುತ್ತದೆ. ಕಾಲ್ ರೆಕಾರ್ಡಿಂಗ್ ಆನ್ ಇರಲಿ. ಟೆಸ್ಟಿನ ದಿನ ಆಫ್ ಮಾಡಿ ಪ್ರವಾಹದ ದಿನ ಆನ್ ಮಾಡುವುದು ನಮ್ಮಲ್ಲಿ ಸಂಪ್ರದಾಯ.

ಮತ್ತು ದಯವಿಟ್ಟು ಹೊರಗಿನ ಇಂಟರ್ನೆಟ್ಟಿನಿಂದ ಮಾಡಿ. ಫೈರ್‌ವಾಲ್‌ನಲ್ಲಿ ಕರೆ ಜೋಡಿಸುವ 5060 ಪೋರ್ಟು ಮಾತ್ರ ತೆರೆದು, ಆಸ್ಟರಿಸ್ಕ್ ಎಂಬ ಟೆಲಿಫೋನ್ ಸರ್ವರ್ ತಂತ್ರಾಂಶ ಧ್ವನಿಗೆ ಬಳಸುವ 10000ರಿಂದ 20000ರ ಪೋರ್ಟುಗಳನ್ನು ಮರೆತಿದ್ದರೆ ಕರೆ ಸೇರುತ್ತದೆ, ಮಾತು ಸೇರುವುದಿಲ್ಲ. ಅತ್ತ ‘ಹಲೋ ಹಲೋ’ ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ ಇತ್ತ ಸಿಪ್‌ಪಿ ಯಶಸ್ಸಿಗೆ ಇನ್ನೊಂದು ಅಂಕ ಸೇರಿಸಿರುತ್ತದೆ. ಪ್ರತಿ ಕರೆಯೂ ಸರ್ವರಿನಲ್ಲಿ ಕೆಲವು ಕಡತ ತೆರೆಯುತ್ತದೆ; ಆ ತೆರೆದ ಕಡತಗಳ ಮಿತಿ 1024ರಲ್ಲೇ ಉಳಿದಿದ್ದರೆ ಇನ್ನೊಂದು ಮಜಾ: ಸಿಪಿಯು ಆರಾಮಾಗಿ ಕೂತಿರುತ್ತದೆ, ಹೊಸ ಕರೆಗಳು ಮಾತ್ರ ಸತ್ತುಬೀಳುತ್ತಿರುತ್ತವೆ.

ಇದೆಲ್ಲ ಸರಿಹೋಯಿತು, 42 ಲೈನೂ ಬಂದವು ಅನ್ನಿ. 30 ಎರ್ಲಾಂಗ್ ಮಾತಿಗೆ ಸರತಿ ಬೆಳೆಯದಿರಲು ಉತ್ತರಿಸುವವರು ಕನಿಷ್ಠ 31 ಜನ ಬೇಕು. ಸಹಾಯವಾಣಿಯಲ್ಲಿ ಕುರ್ಚಿಗಳಿರುವುದು ನಾಲ್ಕು. ದೂರು ಹೆಚ್ಚಾದ ಮೇಲೆ ಕಡತ ಮೇಲೇಳುತ್ತದೆ: ‘ಸರ್ವರ್ ಸಾಮರ್ಥ್ಯ ಸಾಲದು, ಹೊಸದಕ್ಕೆ ಮಂಜೂರಾತಿ ಕೋರಿದೆ’. ಹೊಸ ಅಂದಾಜು ಪಟ್ಟಿಯಲ್ಲಿ ರ‍್ಯಾಮ್ ನಾಲ್ಕು ಪಟ್ಟು, ಕುರ್ಚಿ ನಾಲ್ಕೇ.