ಆ ಬಾಲ ಅಂಕಿಯದಲ್ಲ, ಪದದ್ದು

ಇಂಗ್ಲಿಷಿನಲ್ಲಿ 'ಇಪ್ಪತ್ತೊಂದನೇ' ಎಂದು ಬರೆಯುವಾಗ 21 ಅಂಕಿ ಬರೆದ ಮೇಲೆ ಕೈ ಒಂದು ಕ್ಷಣ ನಿಲ್ಲುತ್ತದೆ, ಅಲ್ವಾ? ಮುಂದೆ ಎಸ್-ಟಿ ಹಾಕಬೇಕೋ, ಟಿ-ಎಚ್ ಹಾಕಬೇಕೋ? ಚೆನ್ನಾಗಿ ಇಂಗ್ಲಿಷ್ ಓದುವವರು, ಬರೆಯುವವರು ಕೂಡ ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. ನಾನೂ ವರ್ಷಗಟ್ಟಲೆ ತಡವರಿಸಿದ್ದೇನೆ. ನನಗೆ ಕಲಿಸಿದ್ದು ಒಂದು ಸೂತ್ರ: ಕೊನೆಯ ಅಂಕಿ ಒಂದಾದರೆ ಎಸ್-ಟಿ, ಎರಡಾದರೆ ಎನ್-ಡಿ, ಮೂರಾದರೆ ಆರ್-ಡಿ, ಉಳಿದದ್ದಕ್ಕೆಲ್ಲ ಟಿ-ಎಚ್. ಅದರ ಹಿಂದೆಯೇ ಒಂದು ಬಾಲಂಗೋಚಿ: 11, 12, 13 ಮಾತ್ರ ಅಪವಾದ, ಯಾಕೆ ಅಂತ ಕೇಳಬೇಡ, ಬಾಯಿಪಾಠ ಮಾಡಿಕೋ.

ಈ ಸೂತ್ರವೇ ಬೇಡ ಅಂತ ನನ್ನ ವಾದ. ಅದು ಸುಳ್ಳು ಅಂತಲ್ಲ. ಅದು ನಮ್ಮ ಕಣ್ಣನ್ನು ತಪ್ಪು ಕಡೆ ತಿರುಗಿಸುತ್ತದೆ. ಆ ಎರಡು ಅಕ್ಷರ ಅಂಕಿಗೆ ಸೇರಿದ್ದೇ ಅಲ್ಲ. ಅವು ಒಂದು ಪೂರ್ತಿ ಪದದ ಕೊನೆಯ ಎರಡು ಅಕ್ಷರ. ಫಸ್ಟ್ ಎಂಬ ಪದ ಎಸ್-ಟಿಯಲ್ಲಿ ಮುಗಿಯುತ್ತದೆ. ಸೆಕೆಂಡ್ ಎನ್-ಡಿಯಲ್ಲಿ, ಥರ್ಡ್ ಆರ್-ಡಿಯಲ್ಲಿ. ಬರೆಯುವವರು ಅವಸರಕ್ಕೆ ಪದದ ತಲೆಯನ್ನು ಅಂಕಿಗೆ ಬಿಟ್ಟುಕೊಟ್ಟು, ಬಾಲವನ್ನು ಮಾತ್ರ ಉಳಿಸಿಕೊಂಡರು. ಅಷ್ಟೇ ವಿಷಯ.

ಹೀಗೆ ನೋಡಿದರೆ ಅಪವಾದ ಅನ್ನುವುದೇ ಉಳಿಯುವುದಿಲ್ಲ. 21 ಅನ್ನು ಬಾಯಲ್ಲಿ ಹೇಳಿ: ಟ್ವೆಂಟಿ-ಫಸ್ಟ್. ಕೊನೆಗೆ ಎಸ್-ಟಿ. 11 ಅನ್ನು ಹೇಳಿ: ಇಲೆವೆಂತ್. ಅಲ್ಲಿ ಫಸ್ಟ್ ಎಲ್ಲಿದೆ? ಇಲ್ಲವೇ ಇಲ್ಲ. ಹಾಗಾಗಿ ಟಿ-ಎಚ್. 12 ಟ್ವೆಲ್ಫ್ತ್, 13 ಥರ್ಟೀಂತ್. 112 ಬಂದರೂ ಗಾಬರಿ ಬೇಡ. ಬಾಯಲ್ಲಿ ಅದು ಟ್ವೆಲ್ಫ್ತ್‌ನಲ್ಲೇ ಮುಗಿಯುತ್ತದೆ. 122 ಸೆಕೆಂಡ್‌ನಲ್ಲಿ ಮುಗಿಯುತ್ತದೆ, 1001 ಫಸ್ಟ್‌ನಲ್ಲಿ. ಪದವನ್ನು ಹೇಳಿಕೊಳ್ಳಿ, ಅದರ ಬಾಲ ಹಿಡಿಯಿರಿ. ನೆನಪಿಡಬೇಕಾದದ್ದು ಬೇರೇನೂ ಇಲ್ಲ.

ನಾವು ಕನ್ನಡದವರು ಇಲ್ಲಿ ಎಡವುವುದಕ್ಕೆ ನಮ್ಮದೇ ಒಂದು ಕಾರಣ ಇದೆ. ನಮ್ಮ 'ನೇ' ತುಂಬಾ ಸಲೀಸು. ಎರಡನೇ, ಮೂರನೇ, ಹನ್ನೊಂದನೇ, ನೂರನೇ, ಸಾವಿರದ ಒಂದನೇ. ಯಾವ ಅಂಕಿ ಬಂದರೂ ಮುಂದೆ ಅದೇ ಒಂದು 'ನೇ'. ಅದು ನಿಜವಾದ ಪ್ರತ್ಯಯ. ಬಿಡಿಯಾಗಿ ತೆಗೆದು ಎಲ್ಲಿ ಬೇಕಾದರೂ ಅಂಟಿಸಬಹುದು. ಹಾಗಾಗಿ ಇಂಗ್ಲಿಷಿನ ಬಾಲವನ್ನೂ ಪ್ರತ್ಯಯ ಅಂದುಕೊಂಡುಬಿಡುತ್ತೇವೆ. ಆದರೆ ಸೆಕೆಂಡ್ ಪದದ ಎನ್-ಡಿ ಪ್ರತ್ಯಯವೇ ಅಲ್ಲ. ಅದನ್ನು ಬಿಡಿಸಿ ತೆಗೆದರೆ ಅದಕ್ಕೆ ಅರ್ಥವೇ ಇಲ್ಲ. ಅಮೆರಿಕದ ಕಾನೂನು ಬರಹದಲ್ಲಂತೂ ಆ ಎನ್ ಕೂಡ ಇರುವುದಿಲ್ಲ. ಕೋರ್ಟು ತೀರ್ಪುಗಳ ಸಂಪುಟವನ್ನು ಉಲ್ಲೇಖಿಸುವಾಗ ಎರಡನೆಯ ಸರಣಿಗೆ 2 ಬರೆದು ಬರೀ ಡಿ ಹಾಕುತ್ತಾರೆ, ಮೂರನೆಯದಕ್ಕೆ 3 ಬರೆದು ಡಿ. ಪದದ ಕೊನೆಯ ಒಂದು ಅಕ್ಷರವೇ ಸಾಕು ಅಂತ ಅವರ ಲೆಕ್ಕ.

ಈ ಪದಗಳ ಹುಟ್ಟು ನೋಡಿದರೆ ನನಗೆ ಇನ್ನೂ ಖುಷಿ. ಫಸ್ಟ್‌ಗೂ ಒನ್‌ಗೂ ಸಂಬಂಧವೇ ಇಲ್ಲ. ಬಿಫೋರ್ ಎಂಬ ಪದದೊಳಗೆ ಒಂದು ಫೋರ್ ಇದೆಯಲ್ಲ, ಮುಂದೆ ಅನ್ನುವ ಅರ್ಥದ್ದು, ಫಸ್ಟ್ ಅದೇ ಬೇರಿನದು. ಎಲ್ಲರಿಗಿಂತ ಮುಂದಿರುವುದು ಅಂತ ಅರ್ಥ. ನಾವೂ ಹಾಗೇ ಮಾಡುತ್ತೇವೆ. 'ಒಂದನೇ' ಅಂತ ತರಗತಿಗೋ ತಾರೀಕಿಗೋ ಹೇಳುತ್ತೇವೆ, ಆದರೆ ಮಾತಿನ ನಡುವೆ ಮನಸ್ಸಿಗೆ ಬರುವುದು 'ಮೊದಲನೇ'. ಅದೂ ಒಂದರಿಂದ ಹುಟ್ಟಿದ್ದಲ್ಲ, ಮೊದಲಿನಿಂದ ಹುಟ್ಟಿದ್ದು. ಎರಡು ಭಾಷೆ, ನೆಂಟಸ್ತನ ಇಲ್ಲ, ಆದರೂ ಮೊದಲ ಜಾಗಕ್ಕೆ ಎಣಿಕೆಯ ಪದ ಸಾಲದು ಅಂತ ಎರಡಕ್ಕೂ ಅನ್ನಿಸಿದೆ.

ಸೆಕೆಂಡ್ ಇಂಗ್ಲಿಷಿನ ಸ್ವಂತ ಪದ ಕೂಡ ಅಲ್ಲ. ಲ್ಯಾಟಿನ್ನಿನಲ್ಲಿ 'ಹಿಂದೆ ಬರುವುದು' ಎಂಬ ಅರ್ಥದ ಪದ, ಫ್ರೆಂಚ್ ದಾರಿಯಲ್ಲಿ ಬಂದು ಸೇರಿತು. ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ಎರಡನೆಯದಕ್ಕೆ ಏನು ಹೇಳುತ್ತಿದ್ದರು ಗೊತ್ತಾ? ಅದರ್. ಅಂದರೆ ಇನ್ನೊಂದು. ಆ ಹಳೆಯ ಅರ್ಥ ಇವತ್ತಿಗೂ ಒಂದು ಕಡೆ ಬದುಕಿದೆ. ಎವೆರಿ ಅದರ್ ಡೇ ಅಂದರೆ ದಿನ ಬಿಟ್ಟು ದಿನ, ಪ್ರತಿ ಎರಡನೆಯ ದಿನ. ಈ ನುಡಿಗಟ್ಟಿನಲ್ಲಿ ಅದರ್ ಯಾಕೆ ಬಂತು ಅಂತ ನನಗೆ ಬಹಳ ಕಾಲ ಒಗಟಾಗಿತ್ತು.

ಥರ್ಡ್ ಪದದಲ್ಲಿ ರ ಜಾಗ ಬದಲಿಸಿದೆ. ತ್ರೀಯಲ್ಲಿ ರ ಮೊದಲು ಬರುತ್ತದೆ, ಥರ್ಡ್‌ನಲ್ಲಿ ಸ್ವರದ ನಂತರ. ಹಳೆಯ ರೂಪದಲ್ಲಿ ಅದು ಮೊದಲೇ ಇತ್ತು, ನಾಲಗೆ ಉರುಳಿ ಉರುಳಿ ಹಿಂದೆ ಹೋಯಿತು. ನಾಲ್ಕರಿಂದ ಮುಂದೆ ಟಿ-ಎಚ್ ಬರುತ್ತದೆ, ದಾರಿ ಸಲೀಸಾಗುತ್ತದೆ.

ಆದರೆ ಕಾಗುಣಿತದ ಮುಳ್ಳುಗಳೂ ಅಲ್ಲೇ ಇರುವುದು. ಫೈವ್‌ನಲ್ಲಿ ವಿ ಇದೆ, ಫಿಫ್ತ್‌ನಲ್ಲಿ ಎಫ್. ಟ್ವೆಲ್ವ್ ಮತ್ತು ಟ್ವೆಲ್ಫ್ತ್ ಕೂಡ ಹಾಗೇ. ಇಲ್ಲಿ ವಿ ಹೋಗಿ ಎಫ್ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಎಫ್ ಹಳೆಯದು. ಮೂಲ ಸಂಖ್ಯೆ ಬದಲಾಯಿತು, ಕ್ರಮಸಂಖ್ಯೆ, ಅಂದರೆ ಫಿಫ್ತ್‌ನಂತೆ ಎಷ್ಟನೆಯದು ಎಂದು ಹೇಳುವ ಪದ, ಹಳೆಯದನ್ನು ಹಿಡಿದುಕೊಂಡಿತು. ನೈನ್‌ನ ಕೊನೆಯ ಇ ನೈಂತ್‌ನಲ್ಲಿ ಬಿದ್ದುಹೋಗುತ್ತದೆ, ಆದರೆ ನೈನ್ಟೀಂತ್‌ನಲ್ಲಿ, ನೈನ್ಟಿಯೆತ್‌ನಲ್ಲಿ ಇರುತ್ತದೆ. ನಾನು ತಿದ್ದಿದ ಬರಹಗಳಲ್ಲಿ ಅತಿ ಜಾಸ್ತಿ ಸಿಕ್ಕ ತಪ್ಪು ಇದೇ, ನೈಂತ್‌ನಲ್ಲಿ ಇ ಸೇರಿಸುವುದು. ಏಯ್ಟ್ತ್‌ನಲ್ಲಿ ಎರಡು ಟಿ ಇರಬೇಕು ಅನ್ನಿಸುತ್ತದೆ, ಉಚ್ಚಾರವೂ ಹಾಗೇ ಇದೆ, ಬರೆಯುವಾಗ ಮಾತ್ರ ಒಂದೇ. ಟ್ವೆಂಟಿಯ ವೈ ಟ್ವೆಂಟಿಯೆತ್‌ನಲ್ಲಿ ಐ-ಇ ಆಗುತ್ತದೆ. ಫೋರ್ತ್‌ನಲ್ಲಿ ಯು ಇದೆ, ಫೋರ್ಟೀಂತ್‌ನಲ್ಲೂ ಇದೆ, ನಲವತ್ತರ ಫಾರ್ಟಿಯೆತ್‌ನಲ್ಲಿ ಇಲ್ಲ. ಇದಕ್ಕೆಲ್ಲ ಸೂತ್ರ ಹುಡುಕಬೇಡಿ. ನಾಲ್ಕೈದು ಸಲ ಕೈಯಲ್ಲಿ ಬರೆಯಿರಿ, ಕೂತುಬಿಡುತ್ತದೆ.

ಕಾಗುಣಿತಕ್ಕೆ ಹೆದರಿಯೇ ಎಷ್ಟೋ ಜನ ಅಂಕಿ ಬರೆದು ಬಾಲ ಹಚ್ಚುತ್ತಾರೆ ಅಂತ ನನ್ನ ಅನುಮಾನ. ಇಲ್ಲಿ ನನ್ನ ಅಭಿಪ್ರಾಯ ಖಚಿತ. ಕತೆ, ಪ್ರಬಂಧ, ಪತ್ರ, ಹೀಗೆ ಓದಿಸಿಕೊಂಡು ಹೋಗುವ ಬರಹದಲ್ಲಿ ಪದವನ್ನೇ ಬರೆಯಿರಿ. ಅವಳು ಮೂರನೇ ಸಲ ತಿರುಗಿ ನೋಡಿದಳು ಎಂಬ ವಾಕ್ಯದಲ್ಲಿ ಥರ್ಡ್ ಇರಬೇಕು. 3 ಬರೆದು ಆರ್-ಡಿ ಹಚ್ಚಿದರೆ ಓದುವ ಕಣ್ಣು ಕಲ್ಲಿಗೆ ತಾಗಿದ ಹಾಗೆ ಎಡವುತ್ತದೆ. ಶೈಲಿ ಕೈಪಿಡಿಗಳು ಗಡಿಯನ್ನು ಬೇರೆ ಬೇರೆ ಕಡೆ ಹಾಕಿವೆ. ಅಮೆರಿಕದ ಪತ್ರಿಕೆಗಳು ಪಾಲಿಸುವ ಎಪಿ ಶೈಲಿಯಲ್ಲಿ ಒಂಬತ್ತನೆಯದರವರೆಗೆ ಪದ, ಹತ್ತರಿಂದ ಅಂಕಿ. ಪುಸ್ತಕ ಪ್ರಕಾಶಕರ ಷಿಕಾಗೋ ಕೈಪಿಡಿ ಸಾಮಾನ್ಯ ಬರಹದಲ್ಲಿ ನೂರನೆಯದರವರೆಗೂ ಪದವನ್ನೇ ಬರೆಯಿರಿ ಅನ್ನುತ್ತದೆ. ನನ್ನ ಒಲವು ಷಿಕಾಗೋ ಕಡೆಗೆ. ಪಟ್ಟಿ, ಕೋಷ್ಟಕ, ಅಡಿಟಿಪ್ಪಣಿಯಲ್ಲಿ ಅಂಕಿ ಇರಲಿ, ಅಲ್ಲಿ ಜಾಗ ಮುಖ್ಯ.

ಇನ್ನು ತಾರೀಕು. ಇದೊಂದನ್ನು ಎಲ್ಲರೂ ಕೇಳಿಸಿಕೊಳ್ಳಲಿ ಅಂತ ನನ್ನ ಆಸೆ. ಮಾರ್ಚ್ 5 ಎಂದು ಬರೆದರೆ ಸಾಕು. 5 ಮಾರ್ಚ್ ಅಂದರೂ ಸಾಕು. ಬಾಲ ಬೇಡ. ಓದುವಾಗ ಬಾಯಿ ತಾನಾಗಿ ಮಾರ್ಚ್ ಫಿಫ್ತ್ ಅಂತಲೋ, ದ ಫಿಫ್ತ್ ಆಫ್ ಮಾರ್ಚ್ ಅಂತಲೋ ಹೇಳಿಕೊಳ್ಳುತ್ತದೆ. ಎಪಿ ಹೇಳುವುದೂ ಇದನ್ನೇ, ಷಿಕಾಗೋ ಹೇಳುವುದೂ ಇದನ್ನೇ. ಬಾಯಿ ಹೇಳುವುದನ್ನೆಲ್ಲ ಕೈ ಬರೆಯಬೇಕಿಲ್ಲ. ತಿಂಗಳ ಹೆಸರು ಇಲ್ಲದೆ ಬರೀ ತಾರೀಕು ಬಂದಾಗ ಮಾತ್ರ, ಐದರಂದು ಸಿಗೋಣ ಅನ್ನುವಾಗ, ಆನ್ ದ ಫಿಫ್ತ್ ಎಂದು ಪದದಲ್ಲೇ ಬರೆದರೆ ಚಂದ.

ಬಾಲವನ್ನು ಮೇಲಕ್ಕೆತ್ತಿ ಚಿಕ್ಕದಾಗಿ ಬರೆಯುವ ರೂಢಿ ಕೈಬರಹದ ಕಾಲದ್ದು. ಪದವನ್ನು ಮೊಟಕು ಮಾಡಿದ್ದೇನೆ ಅಂತ ತೋರಿಸಲು ಕೊನೆಯ ಅಕ್ಷರವನ್ನು ಮೇಲೆ ಬರೆಯುತ್ತಿದ್ದರು. ಮೈಕ್ರೋಸಾಫ್ಟ್ ವರ್ಡ್ ಇದನ್ನು ಈಗ ತಾನಾಗಿಯೇ ಮಾಡುತ್ತದೆ, ನಾವು ಕೇಳದಿದ್ದರೂ. ಈ ಚಿಕ್ಕ ಟಿ-ಎಚ್ ಒಮ್ಮೆ ಅಮೆರಿಕದ ಚುನಾವಣೆಯ ನಡುವೆ ದೊಡ್ಡ ಗಲಾಟೆಗೆ ಸಿಕ್ಕಿಕೊಂಡಿತ್ತು. 2004ರ ಸೆಪ್ಟೆಂಬರ್ 8ರಂದು ಸಿಬಿಎಸ್ ವಾಹಿನಿ, ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್ ಅವರು ಯುವಕರಾಗಿದ್ದಾಗ ಮಾಡಿದ ಸೇನಾ ಸೇವೆಯ ಬಗ್ಗೆ ಕೆಲವು ಪತ್ರಗಳನ್ನು ತೋರಿಸಿತು. ಅವು 1970ರ ದಶಕದ ಶುರುವಿನವು ಎಂದಿತು. ಕೆಲವೇ ಗಂಟೆಗಳಲ್ಲಿ ಓದುಗರು ಪ್ರಶ್ನೆ ಎತ್ತಿದರು. ಸೇನಾ ದಳದ ಸಂಖ್ಯೆಯ ಪಕ್ಕದಲ್ಲಿ ಮೇಲಕ್ಕೆತ್ತಿದ ಪುಟ್ಟ ಟಿ-ಎಚ್ ಇತ್ತು. ಆ ಕಾಲದ ಟೈಪ್‌ರೈಟರ್ ಹೀಗೆ ಬರೆಯುತ್ತಿತ್ತಾ? ಕೆಲವು ಯಂತ್ರಗಳಲ್ಲಿ ಅಂಥ ಕೀಲಿ ಇತ್ತು ಎಂದು ಇನ್ನೊಂದು ಕಡೆಯವರು ವಾದಿಸಿದರು. ಅಕ್ಷರದ ಅಗಲ, ಸಾಲಿನ ಅಂತರ ಎಲ್ಲವೂ ಚರ್ಚೆಗೆ ಬಂತು. ಎರಡು ವಾರ ತುಂಬುವ ಮೊದಲೇ ಸಿಬಿಎಸ್, ಪತ್ರಗಳು ಅಸಲಿ ಎಂದು ಸಾಬೀತು ಮಾಡಲು ಆಗುವುದಿಲ್ಲ ಎಂದು ಒಪ್ಪಿಕೊಂಡಿತು. ಎರಡು ಅಕ್ಷರದ ಮೇಲೆ ಅಷ್ಟು ಜನ ಕಣ್ಣಿಟ್ಟು ಕೂತದ್ದನ್ನು ನೆನೆದರೆ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ಅಂದಹಾಗೆ, ಷಿಕಾಗೋ ಕೈಪಿಡಿ ಬಾಲವನ್ನು ಮೇಲೆತ್ತಬೇಡಿ, ಅಂಕಿಯ ಸಾಲಿನಲ್ಲೇ ಇಡಿ ಅನ್ನುತ್ತದೆ. ನಾನು ಮೊದಲು ಮಾಡಿದ ಕೆಲಸವೇ ವರ್ಡ್‌ನಲ್ಲಿ ಆ ಸೆಟ್ಟಿಂಗ್ ತೆಗೆದದ್ದು.

ಜಾಗದ ವಿಷಯಕ್ಕೆ ಬರೋಣ. ಕ್ರಮಸಂಖ್ಯೆ ನಾಮಪದದ ಮುಂಚೆ ಬರುತ್ತದೆ, ಸಾಮಾನ್ಯವಾಗಿ ದ ಬೇಕು: ದ ಸೆಕೆಂಡ್ ಚಾಪ್ಟರ್. ಅದೇ ಸಂಖ್ಯೆ ನಾಮಪದದ ನಂತರ ಹೋದರೆ ಬರೀ ಎಣಿಕೆಯಾಗುತ್ತದೆ, ದ ಬೇಡ: ಚಾಪ್ಟರ್ ಟೂ. ಎರಡನ್ನೂ ಕಲಸಿ ಚಾಪ್ಟರ್ ಸೆಕೆಂಡ್ ಅಂತ ಬರೆಯುವಂತಿಲ್ಲ. ಒಂದೇ ಮಹಾಯುದ್ಧಕ್ಕೆ ಎರಡು ಹೆಸರು ಇರುವುದೂ ಹೀಗೇ: ದ ಸೆಕೆಂಡ್ ವರ್ಲ್ಡ್ ವಾರ್ ಅಥವಾ ವರ್ಲ್ಡ್ ವಾರ್ ಟೂ. ರಾಜ ರಾಣಿಯರು ಮಾತ್ರ ಬೇರೆ. ಅವರ ಹೆಸರಿನ ನಂತರ ರೋಮನ್ ಅಂಕಿ ಬರೆದು, ಬರೆಯದೇ ಇದ್ದ ದ ಸೇರಿಸಿ ಕ್ರಮಸಂಖ್ಯೆಯಾಗಿ ಓದುತ್ತಾರೆ. ಹೆನ್ರಿ ದ ಏಯ್ಟ್ತ್, ಎಲಿಜಬೆತ್ ದ ಸೆಕೆಂಡ್.

ಇಷ್ಟೆಲ್ಲ ಇರುವ ಇಂಗ್ಲಿಷಿನಲ್ಲಿ ನಮ್ಮ 'ಎಷ್ಟನೇ' ಇಲ್ಲ. ಲಿಂಕನ್ ಅಮೆರಿಕದ ಎಷ್ಟನೇ ಅಧ್ಯಕ್ಷ ಅಂತ ನಾವು ಒಂದೇ ಪದದಲ್ಲಿ ಕೇಳುತ್ತೇವೆ. ಇಂಗ್ಲಿಷಿನವರು ಬಳಸಿ ಬಳಸಿ ಕೇಳಬೇಕು. ಉತ್ತರಕ್ಕೆ ಸಿಕ್ಸ್‌ಟೀಂತ್ ಎಂಬ ಪದ ಸಿದ್ಧವಿದೆ, ಪ್ರಶ್ನೆಗೆ ಪದವಿಲ್ಲ.

ದ ಬದಲು ಎ ಬಂದಾಗ ಅರ್ಥವೇ ತಿರುಗುತ್ತದೆ, ಇದನ್ನು ನಾವು ಸುಮ್ನೆ ದಾಟಿಬಿಡುತ್ತೇವೆ. ದ ಸೆಕೆಂಡ್ ಲೆಟರ್ ಅಂದರೆ ಸಾಲಿನಲ್ಲಿ ಎರಡನೆಯ ಪತ್ರ. ಎ ಸೆಕೆಂಡ್ ಲೆಟರ್ ಅಂದರೆ ಇನ್ನೊಂದು ಪತ್ರ, ನಿರೀಕ್ಷೆ ಇರಲಿಲ್ಲ, ಬಂತು. ಎ ಸೆಕೆಂಡ್ ಚಾನ್ಸ್ ಅನ್ನುವುದನ್ನು ಎರಡನೇ ಅವಕಾಶ ಎಂದು ಅನುವಾದಿಸಿದರೆ ಲೆಕ್ಕ ಸರಿ, ಭಾವ ಕಳೆದುಹೋಯಿತು. ಅದು ಇನ್ನೊಂದು ಅವಕಾಶ. ಹಳೆಯ ಇಂಗ್ಲಿಷಿನ ಆ ಅದರ್ ಇಲ್ಲಿ ಬೇರೆ ವೇಷದಲ್ಲಿ ಮತ್ತೆ ಬಂದು ನಿಂತ ಹಾಗೆ ನನಗೆ ಕಾಣುತ್ತದೆ.

ಕೊನೆಯದಾಗಿ ಹೈಫನ್. ಹತ್ತೊಂಬತ್ತನೆಯ ಶತಮಾನದಲ್ಲಿ ಎಂದು ಬರೆಯುವಾಗ ನೈನ್ಟೀಂತ್ ಸೆಂಚುರಿ ನಡುವೆ ಹೈಫನ್ ಬೇಡ. ಹತ್ತೊಂಬತ್ತನೆಯ ಶತಮಾನದ ಕಾದಂಬರಿ ಎಂದು ವಿಶೇಷಣವಾದಾಗ ಬೇಕು. ಟ್ವೆಂಟಿ-ಫಸ್ಟ್ ನಡುವೆ ಯಾವಾಗಲೂ ಬೇಕು. ಟ್ವೆಂಟಿ-ಫಿಫ್ತ್ ಎಂದು ಹೈಫನ್ ಹಾಕಿದರೆ ಇಪ್ಪತ್ತೈದನೆಯದು. ಹೈಫನ್ ತೆಗೆದು ಕೊನೆಗೆ ಎಸ್ ಸೇರಿಸಿದರೆ ಐದನೇ ಒಂದು ಭಾಗದಂಥ ಇಪ್ಪತ್ತು ತುಂಡು, ಅಂದರೆ ಲೆಕ್ಕದಲ್ಲಿ ನಾಲ್ಕು.

ಹೈಫನ್ನಿಗೂ ಬಿಡಿಸಲಾಗದ ಗಂಟು ಒಂದಿದೆ. ಥರ್ಟಿ-ಸೆಕೆಂಡ್ ಬರ್ತ್‌ಡೇ ಅಂದರೆ ಮೂವತ್ತೆರಡನೆಯ ಹುಟ್ಟುಹಬ್ಬ. ಥರ್ಟಿ-ಸೆಕೆಂಡ್ ಸೈಲೆನ್ಸ್ ಅಂದರೆ ಮೂವತ್ತು ಸೆಕೆಂಡಿನ ಮೌನ. ಅಕ್ಷರ ಅದೇ, ಹೈಫನ್ ಅದೇ. ಮುಂದಿನ ಪದ ಬಂದ ಮೇಲೆಯೇ ಅರ್ಥ ತಿಳಿಯುವುದು. ಇದು ಕಾಕತಾಳೀಯ ಅಲ್ಲ, ಎರಡೂ ಒಂದೇ ಪದ. ಲ್ಯಾಟಿನ್ ವಿದ್ವಾಂಸರು ಗಂಟೆಯನ್ನೋ ವೃತ್ತದ ಡಿಗ್ರಿಯನ್ನೋ ಅರವತ್ತರಿಂದ ಭಾಗ ಮಾಡಿದಾಗ ಸಿಕ್ಕ ಮೊದಲ ತುಂಡನ್ನು ಮೊದಲನೆಯ ಚಿಕ್ಕ ಭಾಗ ಅಂದರು. ಅದರಲ್ಲಿನ ಚಿಕ್ಕ ಎನ್ನುವ ಪದವೇ ಮಿನಿಟ್ ಆಯಿತು. ಆ ತುಂಡನ್ನು ಮತ್ತೆ ಅರವತ್ತು ಮಾಡಿದಾಗ ಸಿಕ್ಕಿದ್ದು ಎರಡನೆಯ ಚಿಕ್ಕ ಭಾಗ. ಅದರಲ್ಲಿ ಎರಡನೆಯ ಎನ್ನುವುದಷ್ಟೇ ಉಳಿದು ಸೆಕೆಂಡ್ ಆಯಿತು. ಗಡಿಯಾರದಲ್ಲಿ ಆ ತೆಳ್ಳಗಿನ ಮುಳ್ಳು ಒಂದೊಂದು ಹೆಜ್ಜೆ ಇಡುವಾಗ ನಾವು ಎಣಿಸುತ್ತಿರುವುದು ಈ 'ಎರಡನೆಯ'ಗಳನ್ನೇ.